ಬೀಗದ ಅಕ್ಕನ ವಿಚಾರಣೆ

ಮಾರ್ಚ್ 3, ಬೆಳಿಗ್ಗೆ

ಆಡಳಿತ ಕಾನೂನು, ಮತ್ತೆ ಮೊದಲಿಂದ. ಸಹಜ ನ್ಯಾಯ — ಎದುರಿನವರ ಮಾತು ಕೇಳದೆ ಅವರ ವಿರುದ್ಧ ಆದೇಶ ಮಾಡಬಾರದು. ಬಾಯಿಪಾಠವೇನೋ ಆಗಿದೆ. ಗಟ್ಟಿಯಾಗಿ ಓದುತ್ತಿದ್ದೆ. ಅಡುಗೆಮನೆಯಿಂದ ಅಮ್ಮ: "ಈ ಮನೇಲಿ ನನ್ನ ಕೇಳದೆ ಎಷ್ಟು ಆರ್ಡರ್ ಪಾಸಾಗಿದೆ, ಅದನ್ನೂ ಬರ್ಕೋ!" ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಲೈಸೆನ್ಸ್ ಆಫೀಸರ್ ಅಲ್ಲವೇ. ಮನೆಯಲ್ಲೂ ಅದೇ ಠೀವಿ.

ಮಾರ್ಚ್ 5

ಕಾಲೇಜ್ ಗೇಟಿನ ಪಕ್ಕ ಕೀಲಿ ಮಾಡಿಕೊಡುವ ಬೀಗದ ಅಕ್ಕನ ಗೂಡಂಗಡಿ ಇಲ್ಲ. ಅಕ್ಕ ಮಾತ್ರ ಇದ್ದಳು, ಫುಟ್‌ಪಾತಿನ ಮೇಲೆ, ಅರದ ಡಬ್ಬಿ ಮಡಿಲಲ್ಲಿಟ್ಟುಕೊಂಡು. ಅವಳು ಮಾಡಿಕೊಟ್ಟ ಕೀಲಿಯಿಂದ ಯಾರದೋ ಮನೆ ಕಳುವಾಯಿತಂತೆ. ದೂರು ಬಂತು, ಲೈಸೆನ್ಸ್ ರದ್ದು.

"ನೀನು ಲಾ ಓದ್ತೀಯಲ್ಲಮ್ಮ. ಒಂದು ಮಾತು ಕೇಳ್ಬಾರ್ದಿತ್ತಾ ಆ ಸಾಹೇಬ್ರು?"

ಅವಳು ಚಾಚಿದ ಆದೇಶದ ಕೆಳಗೆ ಅಪ್ಪನ ಸಹಿ. ಆದರೂ ಹೇಳಿಬಿಟ್ಟೆ — ಅವರು ನಮ್ಮಪ್ಪ.

ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. ಆಮೇಲೆ, "ಹಾಗಾದ್ರೆ ನೀನಾದ್ರೂ ಹೇಳ್ಬಹುದಲ್ಲ."

ಮಾರ್ಚ್ 5, ಊಟದ ನಂತರ

ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ.

"ಕಳುವಾಗಿದ್ದು ನಿಜ. ಕೀಲಿ ಅವಳು ಮಾಡಿದ್ದೇ. ಇನ್ನೇನು ಕೇಳೋದು?"

"ಅವಳು ಏನು ಹೇಳ್ತಾಳೆ ಅಂತ."

"ಎಲ್ಲರನ್ನೂ ಕೂರಿಸಿ ಕೇಳ್ತಾ ಹೋದ್ರೆ ಆಫೀಸ್ ನಡೆಯುತ್ತಾ? ನಿಂದು ಬರೀ ಪುಸ್ತಕದ ಬದನೆಕಾಯಿ."

"ಕೇಳದಿದ್ರೆ ಅಪೀಲಿನಲ್ಲಿ ನಿಮ್ಮ ಆರ್ಡರ್ ನಿಲ್ಲಲ್ಲ ಅಪ್ಪ. ಅವಳಿಗೆ ಅರ್ಜಿ ನಾನೇ ಬರೆದುಕೊಡ್ತೀನಿ."

ಊಟ ಅರ್ಧಕ್ಕೇ ಬಿಟ್ಟು ಎದ್ದರು. ಅಮ್ಮ ಅವರ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. "ಹೇಳಿದ್ದು ಸರಿ. ಬಡಿಸೋಕೆ ಮುಂಚೆ ಹೇಳ್ಬಾರ್ದಿತ್ತಾ?"

ಮಾರ್ಚ್ 9

ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅರ್ಜಿ ಬರೆಯಲು ಕೂತೆ. ಮೊದಲ ಸಾಲಿನಲ್ಲಿ 'ಸದರಿ ಅಧಿಕಾರಿಯು' ಎಂದು ಬರೆದು ಪೆನ್ನು ಕೆಳಗಿಟ್ಟೆ. ನನ್ನನ್ನು ಎತ್ತಿ ಆಡಿಸಿದ ಅಪ್ಪ ಸದರಿ ಅಧಿಕಾರಿ! ಆದರೂ ಬರೆದು ಮುಗಿಸಿದೆ.

ಮಾರ್ಚ್ 17

ಅರ್ಜಿ ಬೇಕಾಗಲಿಲ್ಲ. ಅಪ್ಪ ತಾವೇ ಆದೇಶ ಹಿಂಪಡೆದು, ನೋಟಿಸ್ ಕೊಟ್ಟು, ಅಕ್ಕನನ್ನು ಕರೆಸಿದ್ದರು. ನನಗೆ ಒಂದು ಮಾತೂ ಹೇಳಿಲ್ಲ. ಅಕ್ಕನೇ ಹೇಳಿದಳು.

"ಕುರ್ಚಿ ಕೊಟ್ರಮ್ಮ. ಹೇಳಿ ಅಂದ್ರು. ನಂಗೇನೂ ಗೊತ್ತಿಲ್ಲ ಅಂತ ಹೇಳ್ಬೇಕು ಅಂದ್ಕೊಂಡೇ ಹೋಗಿದ್ದೆ. ಅಷ್ಟು ಕಿವಿಗೊಟ್ಟು ಕೂತವರ ಮುಂದೆ ಸುಳ್ಳು ಹೇಳೋಕೆ ಬಾಯೇ ಬರ್ಲಿಲ್ಲ."

ಯಾವನೋ ಸೋಪಿನ ಮೇಲೆ ಕೀಲಿಯ ಅಚ್ಚು ತಂದಿದ್ದನಂತೆ. ಅನುಮಾನ ಬಂದಿತ್ತು. ಯಾರ ಮನೆ ಕೀಲಿ ಎಂದು ಕೇಳದೆ ಮಾಡಿಕೊಟ್ಟಳು. ಅದನ್ನೇ ಒಪ್ಪಿಕೊಂಡು ಬಂದಿದ್ದಾಳೆ.

ಅಂದರೆ ಅಪ್ಪನ ಮೊದಲ ಊಹೆ ಪೂರ್ತಿ ಸುಳ್ಳಲ್ಲ. ನಾನು ಗೆದ್ದೆನೋ ಸೋತೆನೋ... "ಆದೇಶ ಇನ್ನೂ ಬಂದಿಲ್ಲ. ಏನಾದ್ರೂ ಆಗ್ಲಿ, ನನ್ನ ಕೇಳಿದ್ರಲ್ಲ," ಎಂದಳು ಅಕ್ಕ. ಮುಖದಲ್ಲಿ ಭಯವಿತ್ತು. ಅವಮಾನ ಮಾತ್ರ ಇರಲಿಲ್ಲ.

ಮಾರ್ಚ್ 18, ಸಂಜೆ

ಅಪ್ಪ ನನ್ನ ಕೋಣೆಯ ಬಾಗಿಲಲ್ಲಿ. ಇಷ್ಟು ದಿನದಲ್ಲಿ ಮೊದಲ ಸಲ.

"ತಪ್ಪು ಮಾಡಿದಾಳೆ. ಆದ್ರೆ ಪೂರ್ತಿ ರದ್ದು ಮಾಡಿದ್ರೆ ಹೊಟ್ಟೆ ಮೇಲೆ ಹೊಡೆದಂಗೆ. ತಪ್ಪಿಗೆ ತಕ್ಕಷ್ಟೇ ಶಿಕ್ಷೆ ಅಂತ ನಿನ್ನ ಪುಸ್ತಕದಲ್ಲೇನಾದ್ರೂ ಇದೆಯಾ?"

ಇದೆ. ಪುಟ ತೆರೆದು ಕೊಟ್ಟೆ. ಹಜಾರದಲ್ಲಿ ಕೂತು, ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಾರೆ. ಅಮ್ಮ ಎರಡು ಸಲ ಕರೆದರೂ ಏಳಲಿಲ್ಲ.

ಈಗ ಅಪ್ಪ ನನ್ನನ್ನು ಕರೆಯುತ್ತಿದ್ದಾರೆ. ಎರಡನೇ ಪ್ಯಾರಾ ಅರ್ಥವಾಗಲಿಲ್ಲವಂತೆ. ನನಗೂ ಅದು ಅಷ್ಟಾಗಿ ಅರ್ಥವಾಗಿಲ್ಲ. ಹೋಗಿ, ಇಬ್ಬರೂ ಕೂತು ಓದಬೇಕು.