ತಂಗಿಯ ಕೈಗೆ ಸ್ಟಾರ್ಟ್ ಆದ ಕಾರು

ಮಾರ್ಚ್ 9, ಭಾನುವಾರ

ತಂಗಿಯ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅಪ್ಪನ ಹಳೇ ಕಾರನ್ನು ಒಂಬತ್ತು ವರ್ಷದಿಂದ ರಿಪೇರಿ ಮಾಡುತ್ತಿರುವವನು ನಾನು. ತುಕ್ಕು ಹಿಡಿದ ಬಾಗಿಲು ಬದಲಿಸಿದೆ, ಎಂಜಿನ್ ಇಳಿಸಿ ಕೂರಿಸಿದೆ. ಅಪ್ಪ ಒಂದು ದಿನವೂ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಇವತ್ತು ತಂಗಿ ಬಂದವಳೇ ಕೀಲಿ ತಿರುಗಿಸಿದಳು, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಅಪ್ಪ ಬರಿಗಾಲಲ್ಲೇ ಓಡಿಬಂದರು.

"ನೋಡೋ, ಇವಳ ಕೈಗುಣ!" ಎನ್ನುತ್ತಾ ಅವಳ ಪಕ್ಕ ಕೂತೇಬಿಟ್ಟರು.

ನಿನ್ನೆಯಿಡೀ ಪ್ಲಗ್ ಉಜ್ಜಿದ್ದು ನಾನು.

"ಅಣ್ಣಾ, ಒಂದು ರೌಂಡ್ ಹೋಗ್ಬರ್ತೀವಿ."

"ಬ್ರೇಕ್ ಸರಿಯಿಲ್ಲ, ಇಳೀರಿ" ಎಂದೆ.

ಅಪ್ಪ ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದರು.

ಬ್ರೇಕನ್ನು ಹೋದ ವಾರವೇ ಸರಿ ಮಾಡಿದ್ದೇನೆ. ನಾಳೆ ನಾನೇ ಕರೆದರೆ ಅಪ್ಪ ಬಂದಾರೋ, ಇಲ್ಲಾ ಅವಳೂ ಬರಲಿ ಅಂದಾರೋ...