ನಮ್ಮ ಸಿಬ್ಬಂದಿ ನಿಮಗೆ ಕರೆ ಮಾಡುತ್ತಾರೆ

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕ,

ನೀನು, ಭಾವ, ಪುಟ್ಟಿ ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೈದುಕೋ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ಇಟ್ಟುಬಿಡುತ್ತೀಯ. ಕಾಗದವನ್ನು ಹರಿದು ಹಾಕುವ ಮೊದಲು ಒಮ್ಮೆಯಾದರೂ ಓದುತ್ತೀಯಲ್ಲ.

ಮೊದಲು ಸುದ್ದಿ. ಬೇಕರಿ ಕೆಲಸ ಬಿಟ್ಟೆ. ನಿನ್ನೆಯ ಬನ್ನನ್ನು ಇವತ್ತಿನದು ಎನ್ನಬೇಕಿತ್ತು, ನನ್ನ ಬಾಯಿಗೆ ಬರಲಿಲ್ಲ. ಈಗ ಸ್ಕೂಟರಿನಲ್ಲಿ ಪಾರ್ಸೆಲ್ ಹಂಚುತ್ತೇನೆ. "ಶಾಲೆ ಬಿಟ್ಟಾಗಿಂದ ಇದೆಷ್ಟನೇ ಕೆಲಸ?" ಎಂದು ಮಾಲೀಕ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. "ಹಾಗಾದ್ರೆ ಇದೂ ಕೊನೇದಲ್ಲ ಬಿಡು" ಎಂದು ನಕ್ಕ.

ಅಮ್ಮ ಹೊಲಿಗೆ ಅಂಗಡಿಗೆ ಹೋಗುತ್ತಿಲ್ಲ. ಕಾಲರ್ ಒಂದನ್ನು ತಿರುವುಮುರುವಾಗಿ ಹೊಲಿದಳಂತೆ. "ಸ್ವಲ್ಪ ದಿನ ಮನೇಲಿರ್ಲಿ" ಎಂದು ದರ್ಜಿ ನನ್ನ ಹತ್ತಿರ ಹೇಳಿ ಕಳಿಸಿದ. ಮನೆಯಲ್ಲಿ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಮ್ಮಲ್ಲಿ ಮಾತು ಬಿಡುವುದೆಂದರೆ ಕೈ ನೋಡದಿರುವುದು, ನಿನಗೆ ಗೊತ್ತು. ನಾನು ಎದುರು ನಿಂತು ಸನ್ನೆ ಮಾಡಿದರೆ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾಳೆ. ಹುಟ್ಟಿದಾಗಿನಿಂದ ಕಿವಿ ಕೇಳದವಳು ಕಣ್ಣು ತಿರುಗಿಸಿದರೆ ಒಳಗಿಂದ ಚಿಲಕ ಹಾಕಿಕೊಂಡಂತೆ.

ಚಿಕ್ಕಪ್ಪ ನಿನಗೆ ಹೇಳಿದ್ದು ಒಂದು ಕಡೆಯ ಕಥೆ. ಇನ್ನೊಂದು ಕಡೆ ಇದು.

ಫೆಬ್ರವರಿಯ ಮಾತು. ಅಮ್ಮನ ಶಸ್ತ್ರಚಿಕಿತ್ಸೆಯ ದಿನವನ್ನು ಆ್ಯಪಿನಲ್ಲೇ ಗೊತ್ತು ಮಾಡಿಕೊಳ್ಳಬೇಕು ಎಂದು ಕಣ್ಣಾಸ್ಪತ್ರೆಯವರು ಹೇಳಿದ್ದರು. ನಾನೂ ಅಮ್ಮನೂ ಕಿಟಕಿಯ ಪಕ್ಕ ಕೂತು ತುಂಬಿಸಿದೆವು. "ನಿಮಗೆ ಶ್ರವಣದೋಷ ಇದೆಯೇ?" ಎಂದು ಅದರಲ್ಲೊಂದು ಚೌಕವಿತ್ತು. ಅಮ್ಮ ತಾನೇ ಬೆರಳಿಟ್ಟು ಒತ್ತಿದಳು. "ನೋಡು, ಕೊನೆಗೂ ಯಾರೋ ಕೇಳಿದ್ರು" ಎಂದು ಸನ್ನೆ ಮಾಡಿದಳು. ಒತ್ತಿದ್ದೇ ತಡ, ಪರದೆಯ ಮೇಲೆ ಬಂತು: "ಧನ್ಯವಾದ. ಖಚಿತಪಡಿಸಲು ನಮ್ಮ ಸಿಬ್ಬಂದಿ ನಿಮಗೆ ಕರೆ ಮಾಡುತ್ತಾರೆ." ಅಮ್ಮ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಗ ನಗು ಬರುವಂತಿತ್ತು.

ಇವರಿಗೆ ಕೇಳಿಸುವುದಿಲ್ಲ, ಏನಿದ್ದರೂ ಬರೆದು ಕೇಳಿ ಎಂದು ಸಹಾಯದ ಪುಟದಲ್ಲಿ ಬರೆದೆ. "ಈ ವಿಷಯಕ್ಕೆ ದಯವಿಟ್ಟು ಕರೆ ಮಾಡಿ" ಎಂದು ಯಂತ್ರ ಉತ್ತರಿಸಿತು. ಕಿವುಡನ ಮುಂದೆ ಶಂಖ ಊದಿದ ಹಾಗೆ ಎಂದು ಜನ ಆಡಿಕೊಳ್ಳುತ್ತಾರೆ. ಇಲ್ಲಿ ಕಿವುಡರು ಯಾರು, ನೀನೇ ಹೇಳು.

ಕರೆ ಬಂತು. ನಿನ್ನ ಮದುವೆಗೆ ಮೊದಲು ಇಂಥ ಕರೆಗಳೆಲ್ಲ ನಿನ್ನವು. ನೀನು ಗಂಟಲು ದಪ್ಪ ಮಾಡಿಕೊಂಡು "ಹೌದು, ನಾನೇ ಮಾತಾಡ್ತಿರೋದು" ಎನ್ನುತ್ತಿದ್ದೆ. ಬ್ಯಾಂಕಿನವರಿಗೂ ನೀನೇ ಅಮ್ಮ, ಗ್ಯಾಸಿನವನಿಗೂ ನೀನೇ ಅಮ್ಮ. ನಾನೂ ಹಾಗನ್ನಬಹುದಿತ್ತು. ಆದರೆ ಕರೆ ಮಾಡಿದ ಹೆಂಗಸು ಹೆಸರು ಕೇಳಿ ಸುಮ್ಮನಾಗಲಿಲ್ಲ. "ಆಪರೇಷನ್ ಆದ್ಮೇಲೂ ದೃಷ್ಟಿ ಬರದೇ ಇರಬಹುದು, ಒಪ್ಪಿಗೆನಾ? ಹೌದು ಇಲ್ಲ ಹೇಳಿ" ಎಂದಳು. ಅಕ್ಕ, ಅದು ಗ್ಯಾಸ್ ಸಿಲಿಂಡರ್ ಅಲ್ಲ, ಅಮ್ಮನ ಕಣ್ಣು. ಹೀಗೂ ಆಗಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎದುರಿಗೇ ಕೂತು "ಏನಂತೆ, ಏನಂತೆ?" ಎಂದು ನನ್ನ ಮೊಣಕಾಲು ತಟ್ಟುತ್ತಿದ್ದಳು.

"ನಾನು ಮಗಳು. ಅಮ್ಮ ಇಲ್ಲೇ ಇದಾರೆ, ಕಿವಿ ಕೇಳ್ಸಲ್ಲ. ಒಂದ್ನಿಮಿಷ, ಅವ್ರನ್ನೇ ಕೇಳಿ ಹೇಳ್ತೀನಿ" ಎಂದೆ.

"ರೋಗಿನೇ ಮಾತಾಡ್ಬೇಕಮ್ಮ."

"ಕೇಳ್ಸಲ್ಲ ಅಂತ ಚೌಕ ಒತ್ತಿದೀವಲ್ಲ?"

"ಅದು ನಮ್ಗೆ ಕಾಣ್ಸಲ್ಲ."

ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಅಮ್ಮನಿಗೆ ಹೇಳತೊಡಗಿದೆ. ಮುಗಿಸುವಷ್ಟರಲ್ಲಿ ಅತ್ತ ಕರೆ ಕಡಿದಿತ್ತು. ಪರದೆಯ ಮೇಲೆ ಬಂತು: "ರೋಗಿ ಖಚಿತಪಡಿಸಿಲ್ಲ. ನಿಮ್ಮ ದಿನವನ್ನು ರದ್ದುಪಡಿಸಲಾಗಿದೆ."

ಮರುದಿನ ಆಸ್ಪತ್ರೆಗೇ ಹೋದೆವು. ಕಾವಲುಗಾರ ಗೋಡೆಯ ಮೇಲಿನ ಕ್ಯೂಆರ್ ಕೋಡ್ ತೋರಿಸಿ "ಎಲ್ಲಾ ಫೋನಲ್ಲೇ" ಎಂದ. ಜಗಳವಾಡಿ ಒಳಗೆ ಹೋದೆವು. ಕೌಂಟರಿನವಳು ಕೆಟ್ಟವಳಲ್ಲ, ಅಮ್ಮನಿಗೆ ಕುರ್ಚಿ ಕೊಟ್ಟಳು. "ಆ ದಿನ ಬೇರೆಯವ್ರಿಗೆ ಹೋಯ್ತಮ್ಮ. ಇನ್ನು ವರ್ಷದ ಕೊನೆಗೇ. ನೀನೊಂದು ಹೂಂ ಅಂದಿದ್ರೆ ಮುಗೀತಿತ್ತಲ್ಲ, ಎಲ್ರೂ ಹಾಗೇ ಮಾಡೋದು" ಎಂದಳು. ಏನಂದಳು ಎಂದು ಅಮ್ಮ ಕೇಳಿದಳು. ನನ್ನ ಮೇಲಿನ ದೂರನ್ನು ನನ್ನ ಕೈಯಾರೆ ಹೇಳಬೇಕಾಯಿತು. ಒಂದು ಮಾತೂ ಬಿಡದೆ ಹೇಳಿದೆ.

ಆಮೇಲೆ ದೂರು ಬರೆದೆ. ಉತ್ತರ ಬಂತು: "ವಿಚಾರಿಸಲು ನಿಮ್ಮ ತಾಯಿಯವರಿಗೆ ಹಲವು ಬಾರಿ ಕರೆ ಮಾಡಿದೆವು. ಅವರು ಉತ್ತರಿಸಲಿಲ್ಲ."

ಆಸ್ಪತ್ರೆಯಿಂದ ಬಂದ ದಿನ ಚಿಕ್ಕಪ್ಪ ಮನೆ ಬಾಗಿಲಲ್ಲೇ ನಿಂತು, "ಬಂದ್ಳಪ್ಪಾ ಸತ್ಯಹರಿಶ್ಚಂದ್ರನ ಮೊಮ್ಮಗಳು. ನಿನ್ನ ಸತ್ಯನ ಅವಳ ಕಣ್ಣಿಗೆ ಹನಿ ಹನಿಯಾಗಿ ಬಿಡು, ಗುಣ ಆಗ್ಬಹುದು" ಎಂದರು. ಅಮ್ಮ ಆಗ ನನ್ನ ತಲೆ ಸವರಿದ್ದಳು. ಈಚೆಗೆ ಕೈ ನೋಡುವುದನ್ನೇ ಬಿಟ್ಟಳು. ಕೂತು ಯೋಚಿಸಿದಷ್ಟೂ ಸಿಟ್ಟು ಹುಳಿಯುತ್ತದಲ್ಲ, ಹಾಗಿರಬೇಕು.

ಒಪ್ಪಿಗೆ ಅವಳದು, ನನ್ನದಲ್ಲ ಎಂದು ಈಗಲೂ ಹೇಳುತ್ತೇನೆ. ನಾನು ಹೂಂ ಎಂದಿದ್ದರೆ ಫೆಬ್ರವರಿಯಲ್ಲೇ ಆಪರೇಷನ್ ಆಗುತ್ತಿತ್ತು, ಅದೂ ನಿಜ. ಈ ಎರಡು ನಿಜಗಳು ಒಂದೇ ಸೂರಿನಡಿ ಓರಗಿತ್ತಿಯರ ಹಾಗೆ ದಿನವೂ ಕಿತ್ತಾಡುತ್ತವೆ.

ಒಂದು ಸಲ ಬಂದು ಹೋಗು. ನಿನ್ನ ಕೈಯನ್ನಾದರೂ ನೋಡುತ್ತಾಳೇನೋ.

ಭಾವನಿಗೆ ನಮಸ್ಕಾರ. ಪುಟ್ಟಿಯ ಕೆನ್ನೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು. ಮೂವರೂ ಕಣ್ಣು ಕಿವಿ ನೆಟ್ಟಗಿಟ್ಟುಕೊಂಡು ನೂರು ಕಾಲ ಬಾಳಿ.

ನಿನ್ನ ತಂಗಿ,
ಬುಗುರಿ

ಮತ್ತೆ ಸೇರಿಸಿದ್ದು: ಕಾಗದ ಮಡಿಚಿಟ್ಟು ಅಮ್ಮನ ಹತ್ತಿರ ಹೋದೆ. ಕಿಟಕಿಯ ಬಿಸಿಲಿನಲ್ಲೇ ಕೂತಿದ್ದಳು. ಎದುರು ಮಂಡಿಯೂರಿ, ಕೋಪ ಬಿಡು, ತಪ್ಪಾಯಿತು ಎಂದು ತುಂಬ ಹೊತ್ತು ಸನ್ನೆ ಮಾಡಿದೆ. ನಾನು ಯಾರನ್ನೂ ಹೀಗೆ ಬೇಡಿದವಳಲ್ಲ. ಈ ಸಲ ಅವಳು ಮುಖ ತಿರುಗಿಸಲಿಲ್ಲ. ನನ್ನ ಕೈ ನಿಂತ ಮೇಲೂ ಸುಮ್ಮನೆ ಕೂತಿದ್ದಳು. ಆಮೇಲೆ ಗಾಳಿಯಲ್ಲಿ ತಡಕಾಡಿ ನನ್ನ ಹೆಗಲು ಹಿಡಿದು, ಇನ್ನೊಂದು ಕೈಯಲ್ಲಿ ನಿಧಾನವಾಗಿ ಕೇಳಿದಳು: "ಇನ್ನೂ ಎಷ್ಟು ದಿನ ನನ್ನ ಹತ್ರ ಮಾತು ಬಿಟ್ಟಿರ್ತೀಯ, ಬುಗುರಿ?"