ಸಚಿವರು ಇನ್ನೂ ನಿಂತಿದ್ದಾರೆ

ಹಿರೇಗಡ್ಡಿ, ಕೃಷ್ಣಾ ಹಿನ್ನೀರಿನ ದಂಡೆ
ಮಾರ್ಚ್ ೩೭, ೨೨೧೪

ಇನ್ನೂರು ವರ್ಷದ ಹಿಂದೆ ವಿಧಾನಸಭೆಯಲ್ಲಿ ಕೂತಿರುವವರಿಗೂ, ಅವರನ್ನು ಅಲ್ಲಿಗೆ ಆರಿಸಿ ಕಳಿಸಿ ಮರೆತವರಿಗೂ ಕಾಶವ್ವ ಹುಲ್ಲೂರ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ತಪ್ಪು ಬರೆದಿಲ್ಲ. ಮಾರ್ಚ್ ಮೂವತ್ತೊಂದರೊಳಗೆ ಅನುದಾನ ಖರ್ಚು ಮಾಡಿ ಮುಗಿಸುವುದು ಯಾವ ಇಲಾಖೆಗೂ ಯಾವ ವರ್ಷವೂ ಆಗಲಿಲ್ಲ. ನನ್ನ ಮುತ್ತಜ್ಜನ ಕಾಲದಲ್ಲಿ ಸದನ ಬೇಸತ್ತು ಮಾರ್ಚ್ ತಿಂಗಳನ್ನೇ ನಲವತ್ತು ದಿನಕ್ಕೆ ಎಳೆಯಿತು. ನಮ್ಮ ಏಪ್ರಿಲ್ ಹತ್ತನೇ ತಾರೀಖಿನಿಂದ ಶುರುವಾಗುತ್ತದೆ. ಆದರೂ ಖರ್ಚು ಮುಗಿಯುವುದಿಲ್ಲ, ಆ ಮಾತು ಬೇರೆ. ಈ ಒಂಬತ್ತು ದಿನ ನಿಮ್ಮ ಪಂಚಾಂಗದಲ್ಲಿ ಇಲ್ಲವಾದ್ದರಿಂದ ಹಿಂದಂಚೆ ಈ ದಿನಗಳಲ್ಲೇ ಹೊರಡುತ್ತದೆ. ಹಿಂದಂಚೆ ಎಂದರೆ ಸತ್ತವರಿಗೆ ಅವರು ಬದುಕಿದ್ದ ಕಾಲದಲ್ಲಿ ಮುಟ್ಟುವ ಟಪಾಲು. ಸರಕಾರದ ಕೆಲಸ ಬಿಟ್ಟವರಿಗೆ ಒಂದು ಕಾಗದ ಪುಕ್ಕಟೆ. ಎಲ್ಲರೂ ತಮ್ಮ ಮುತ್ತಜ್ಜನಿಗೆ ಆ ಹೊಲ ಮಾರಬೇಡ, ಈ ಸೈಟು ತಗೋ ಎಂದು ಬರೆಯುತ್ತಾರೆ. ನನ್ನದನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ. ಮಾತು ಒರಟೆನಿಸಿದರೆ, ಶಬ್ದ ಹೊಸದೆನಿಸಿದರೆ ಕ್ಷಮಿಸಿ. ಕ್ಷಮಿಸದಿದ್ದರೂ ನಡೆಯುತ್ತದೆ. ನಾನು ಮೂರನೇ ಇಯತ್ತೆಯಲ್ಲಿ ಶಾಲೆ ಬಿಟ್ಟವಳು.

ನಮ್ಮ ಕಾಲದಲ್ಲಿ ಶಾಲೆ ಬಿಡುವುದು ಸಣ್ಣ ಕೆಲಸವಲ್ಲ. ಶಾಲೆಯೇ ಮನೆಗೆ ಬರುತ್ತದೆ. ಗೋಡೆಮಾಸ್ತರ ಎಂದು ಒಂದಿದೆ, ಮನೆಯ ಗೋಡೆಯೇ ಪಾಠ ಹೇಳುತ್ತದೆ. ನೀವು ಮಗ್ಗಲು ತಿರುಗಿದರೆ ಆ ಮಗ್ಗಲಿನ ಗೋಡೆಗೆ ಬರುತ್ತದೆ. ಒಂಬತ್ತನೇ ವಯಸ್ಸಿನಲ್ಲಿ ನಾನು ಅದರ ಬಾಯಿಗೆ ಸಗಣಿ ಮೆತ್ತಿ ಹೊಲಕ್ಕೆ ಹೋದೆ. ಅವ್ವ ಎರಡು ಸಲ ತೊಳೆದಳು, ನಾನು ಮೂರು ಸಲ ಮೆತ್ತಿದೆ. ಹಾಗೆ ಉಳಿದ ದಡ್ಡಿ ನಾನು. ಅದೇ ದಡ್ಡತನದಿಂದ ನನಗೆ ಹನ್ನೊಂದು ವರ್ಷ ಸರಕಾರಿ ನೌಕರಿ ಸಿಕ್ಕಿತು ಎಂದರೆ ನೀವು ನಂಬಲಿಕ್ಕಿಲ್ಲ.

ಆ ನೌಕರಿಯ ಹೆಸರು ತಿಳಿಗಾರ್ತಿ. ಎಂಬತ್ತು ವರ್ಷದ ಹಿಂದೆ ಒಬ್ಬ ಸಚಿವರು ಒಂದು ಚುಕ್ಕೆ ಗುರುತಿನ ಪ್ರಶ್ನೆಗೆ ಮುಕ್ಕಾಲು ತಾಸು ಉತ್ತರ ಓದಿದರಂತೆ. ಪ್ರಶ್ನೆ ಕೇಳಿದವರು ಸಮರ್ಪಕ ಉತ್ತರವೆಂದು ಅಭಿನಂದಿಸಿದರು, ಎಲ್ಲರೂ ಮೇಜು ಕುಟ್ಟಿದರು. ಪ್ರಶ್ನೆ ಕೆರೆ ಹೂಳಿನದು, ಓದಿದ್ದು ಕೋಳಿ ಸಾಕಣೆಯ ಉತ್ತರ ಎಂದು ಎಂಟು ದಿನದ ಮೇಲೆ ಚಹಾ ಕೊಡುವವ ಹೇಳಿದ ಮೇಲೆ ಗೊತ್ತಾಯಿತು. ಆ ನಾಚಿಕೆಗೆ ಒಂದು ನಿಯಮ ಬಂತು. ಸದನದ ನಡುವೆ ಒಂದು ಮಣೆ ಹಾಕಬೇಕು, ಅದರ ಮೇಲೆ ಏಳನೇ ಇಯತ್ತೆ ದಾಟದ ಒಬ್ಬರು ಕೂರಬೇಕು. ಸಚಿವರು ಉತ್ತರಿಸಲು ಎದ್ದರೆ, ಮಣೆಯ ಮೇಲಿನವರು ‘ತಿಳಿಯಿತು’ ಅನ್ನುವವರೆಗೂ ಕೆಳಗೆ ಕೂರುವಂತಿಲ್ಲ. ತಿಳಿಗಾರ್ತಿಗೂ ಎರಡೇ ಮಾತು: ತಿಳಿಯಿತು, ತಿಳಿಯಲಿಲ್ಲ. ಮೂರನೆಯ ಮಾತು ಆಡಿದ ಗಳಿಗೆಗೇ ನೌಕರಿ ಹೋಯಿತು.

ಅಂದಿನಿಂದ ಸಂಪುಟ ರಚನೆಯ ರೀತಿಯೇ ಬದಲಾಯಿತು. ಮೊದಲು ಜಾತಿ ನೋಡುತ್ತಾರೆ, ಆಮೇಲೆ ಜಿಲ್ಲೆ ನೋಡುತ್ತಾರೆ, ಕೊನೆಗೆ ಮೊಣಕಾಲು ನೋಡುತ್ತಾರೆ. ಮಂತ್ರಿಯಾಗುವ ಆಸೆ ಇದ್ದವರು ಮದುವೆ ಊಟವನ್ನೂ ನಿಂತೇ ಮಾಡುತ್ತಾರೆ. ವಿರೋಧ ಪಕ್ಷದವರು ಇದರಲ್ಲಿ ಇನ್ನೊಂದು ಸುಖ ಕಂಡರು. ಪ್ರಶ್ನೆ ಕೇಳಿ ಸಚಿವರನ್ನು ನಿಲ್ಲಿಸಿದರೆ ಅವರ ಕೆಲಸ ಮುಗಿಯಿತು. ಕಾಲು ನೋವಾಗುವುದನ್ನು ನೋಡುತ್ತ ಕಡಲೆ ತಿನ್ನುತ್ತಾರೆ. ‘ಇಂತಿಂಥ ಸಚಿವರನ್ನು ನಾಲ್ಕು ತಾಸು ನಿಲ್ಲಿಸಿದ ಧೀರ’ ಎಂದು ಊರಲ್ಲಿ ಫಲಕ ಹಾಕಿಸಿಕೊಳ್ಳುತ್ತಾರೆ. ಉತ್ತರ ಏನು ಬಂತು ಎಂದು ಆ ಫಲಕದಲ್ಲಿ ಇರುವುದಿಲ್ಲ.

ಈಗ ನಮ್ಮೂರಿನ ಸಂಗತಿ. ಹಿರೇಗಡ್ಡಿಗೆ ಮೂರು ಕಡೆ ನೀರು, ನಾಲ್ಕನೆಯ ಕಡೆ ಅರವತ್ತು ಕಿಲೋಮೀಟರ್ ಸುತ್ತುವ ರಸ್ತೆ. ಆ ರಸ್ತೆಗೂ ಹಗಲು ಹತ್ತರಿಂದ ನಾಲ್ಕರವರೆಗೆ ಬಿಸಿಲುಬಾಗಿಲು ಹಾಕುತ್ತಾರೆ. ನಮ್ಮ ಕಾಲದ ಬಿಸಿಲಿಗೆ ಗಾಲಿ ಕರಗುತ್ತದೆ. ಎದುರು ದಂಡೆಯ ಕಲ್ಲಾಪುರ ಪೇಟೆ ದೋಣಿಯಲ್ಲಿ ಇಪ್ಪತ್ತು ನಿಮಿಷ. ನಮ್ಮೂರಿನ ನಲವತ್ತು ಹೆಂಗಸರು ಬೆಳಗ್ಗೆ ಎದ್ದು ಬಿಸಿಲೊಲೆ ಹೊತ್ತಿಸುತ್ತಿದ್ದರು. ಹಿಂದಿನ ದಿನದ ಬಿಸಿಲನ್ನು ಕುಡಿದಿಟ್ಟುಕೊಂಡು ಮರುದಿನ ಕಾರುವ ಒಲೆ ಅದು. ಜೋಳದ ರೊಟ್ಟಿ ಬಡಿದು, ಬುಟ್ಟಿಗೆ ಬಟ್ಟೆ ಹೊದಿಸಿ, ಏಳರ ದೋಣಿ ಹಿಡಿಯುತ್ತಿದ್ದರು. ಕಡಕ್ ರೊಟ್ಟಿಯನ್ನು ಈಗ ಯಂತ್ರಗಳು ಮಾಡುತ್ತವೆ, ಮೆತ್ತನ್ನ ರೊಟ್ಟಿಗೆ ಇನ್ನೂ ಮನುಷ್ಯರ ಕೈಯೇ ಬೇಕು. ಆದರೆ ಅದನ್ನು ಬಿಸಿ ಇರುವಾಗಲೇ ಮಾರಬೇಕು. ಸಂಜೆಗೆ ಚಪ್ಪಲಿಯಾಗುತ್ತದೆ. ಒಂಬತ್ತು ತಿಂಗಳ ಹಿಂದೆ ದೋಣಿ ರಿಪೇರಿಗೆಂದು ಒಯ್ದವರು ತಿರುಗಿ ತರಲಿಲ್ಲ. ನಲವತ್ತು ಒಲೆಯಲ್ಲಿ ಹನ್ನೆರಡು ಉಳಿದವು. ಒಲೆ ಆರಿದವರು ಊರು ಬಿಡುವ ಮಾತು ಎತ್ತಿದರು. ಆ ಹೆಂಗಸರ ಮುಂದಾಳು ನನ್ನ ತಂಗಿ ಗೌರವ್ವ. ದೀಪಾವಳಿಗೆ ಊರಿಗೆ ಹೋದಾಗ ಅವಳು ನನಗೆ ನೀರು ಸಹ ಕೊಡಲಿಲ್ಲ.

“ಸದನದಾಗ ಮಣಿ ಮ್ಯಾಲೆ ಕುಂತಿ, ಒಂದು ಮಾತು ಕೇಳಾಕ ಬಾಯಿಲ್ಲ” ಅಂದಳು. “ನಮ್ಮ ಮನಿ ಬೆಕ್ಕರ ಹಾಲಿಗಿ ಮಿಯಾಂವ್ ಅಂತೈತಿ.”

ನಿಯಮ ಹೇಳಿದೆ. ನಿಯಮವನ್ನು ಹಂಚಿನ ಮೇಲೆ ಹಾಕಿ ಬೇಯಿಸಿಕೊಂಡು ತಿನ್ನು ಅಂದಳು.

ಐದು ದಿನದ ಹಿಂದೆ ನಮ್ಮ ದೋಣಿಯ ಪ್ರಶ್ನೆ ಸದನಕ್ಕೆ ಬಂತು. ಕೇಳಿದವರು ನಮ್ಮ ಭಾಗದ ವಿರೋಧ ಪಕ್ಷದ ಶಾಸಕ ಪರಪ್ಪ ಕಡಕೋಳ. ಉತ್ತರಿಸಲು ಎದ್ದವರು ಜಲಸಾರಿಗೆ ಸಚಿವ ತೆಗ್ಗಿನಮನಿ, ಅರವತ್ತೆಂಟರ ಮನುಷ್ಯ, ಒಳ್ಳೆಯ ಮೊಣಕಾಲು. ಗೌರವ್ವ ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಸೆರಗು ಬಿಗಿದು ಕೂತಿದ್ದಳು. ಸಚಿವರು ಓದಿದರು: ಹಿರೇಗಡ್ಡಿಯ ದೋಣಿ ಸೇವೆಯನ್ನು ಸಮಗ್ರ ಜಲಸಂಚಾರ ನೀತಿಯಡಿ ದೋಣಿರಹಿತ ಸೇವೆಯಾಗಿ ಉನ್ನತೀಕರಿಸಲಾಗಿದೆ. ತಿಳಿಯಲಿಲ್ಲ ಅಂದೆ. ಅಧಿಕಾರಿಗಳು ಹಿಂದಿನಿಂದ ಇನ್ನೊಂದು ಚೀಟಿ ಕೊಟ್ಟರು. ದೋಣಿಯ ನಿಲುಗಡೆಯ ಹಂತ ಯಶಸ್ವಿಯಾಗಿ ಪೂರ್ಣಗೊಂಡಿದ್ದು, ಚಲನೆಯ ಹಂತ ಪರಿಶೀಲನೆಯಲ್ಲಿದೆ. ತಿಳಿಯಲಿಲ್ಲ. ವಿವರಗಳನ್ನು ಅನುಬಂಧದಲ್ಲಿ ಒದಗಿಸಲಾಗಿದೆ. ತಿಳಿಯಲಿಲ್ಲ. ಅನುಬಂಧದ ಪ್ರಶ್ನೆ ಉದ್ಭವಿಸುವುದಿಲ್ಲ. ಅದಂತೂ ತಿಳಿಯಲೇ ಇಲ್ಲ, ಆದರೆ ‘ಅದಂತೂ’ ಅನ್ನಲು ನನಗೆ ಹಕ್ಕಿಲ್ಲ, ಹಲ್ಲು ಕಚ್ಚಿಕೊಂಡೆ. ಹನ್ನೊಂದಕ್ಕೆ ಎದ್ದ ಮನುಷ್ಯ ಮೂರೂವರೆಯವರೆಗೆ ನಿಂತ. ಪರಪ್ಪನ ಕಡಲೆ ಎರಡು ಪೊಟ್ಟಣ ಮುಗಿದವು.

ಆಮೇಲೆ ಸಚಿವರು ಚೀಟಿಗಳನ್ನೆಲ್ಲ ಮಡಚಿ ಕಿಸೆಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

“ಯಕ್ಕಾ, ದೋಣಿ ರಿಪೇರಿ ರೊಕ್ಕದಾಗ ದೋಣಿ ಉದ್ಘಾಟನಾಕ ಒಂದು ವೇದಿಕಿ ಕಟ್ಟಿಸಿದಿವಿ. ವೇದಿಕಿ ಚಲೋ ಆತು. ದೋಣಿಗೆ ರೊಕ್ಕ ಉಳೀಲಿಲ್ಲ. ತಪ್ಪು ನಂದು.”

ಹನ್ನೊಂದು ವರ್ಷದಲ್ಲಿ ನಾನು ಅಷ್ಟು ನೆಟ್ಟಗಿನ ಉತ್ತರ ಕೇಳಿರಲಿಲ್ಲ. ಪರಪ್ಪ ಕಡಕೋಳ ನನ್ನ ಕಡೆ ನೋಡಿ ಬೇಡ ಬೇಡ ಎಂದು ತಲೆ ಆಡಿಸಿದರು. ಅವರ ಪಕ್ಷದವರೆಲ್ಲ ಆಡಿಸಿದರು, ಸಂತೆಯ ಆಟಿಕೆ ಗೊಂಬೆಗಳ ಹಾಗೆ. ಇಡೀ ರಾತ್ರಿ ನಿಲ್ಲಿಸಿದರೆ ಸಚಿವ ಬೀಳುತ್ತಾನೆ, ಅವನ ಜೊತೆ ಸರಕಾರ ಬೀಳುತ್ತದೆ ಎಂಬ ಲೆಕ್ಕ. ಮೇಲಿಂದ ಗೌರವ್ವನೂ ಕಣ್ಣಲ್ಲೇ ಹೇಳುತ್ತಿದ್ದಳು, ಬಿಡಬೇಡ ಅವನನ್ನು ಅಂತ. ನನಗೂ ಬಿಡುವ ಮನಸ್ಸಿರಲಿಲ್ಲ. ಆದರೆ ಏನು ಮಾಡಲಿ? ತಿಳಿದಿತ್ತು. ತಿಳಿದದ್ದನ್ನು ತಿಳಿಯಲಿಲ್ಲ ಅನ್ನುವುದಕ್ಕೆ ಓದಿದವರು ಸಾಕಷ್ಟು ಜನ ಅಲ್ಲಿದ್ದರು, ಅದಕ್ಕೆ ನಾನೇ ಬೇಕಿರಲಿಲ್ಲ. ತಿಳಿಯಿತು ಅಂದೆ. ಸಚಿವರು ಕೂತರು.

ಸಭಾಧ್ಯಕ್ಷರು ಉಪಪ್ರಶ್ನೆ ಇದೆಯೇ ಎಂದು ಕೇಳಿದರು. ಇಲ್ಲಿದೆ ನೋಡಿ ನಮ್ಮವರ ಹಣೆಬರಹ. ಪರಪ್ಪನ ಹತ್ತಿರ ಉಪಪ್ರಶ್ನೆಯೇ ಇರಲಿಲ್ಲ. ಆತನ ಹತ್ತಿರವಷ್ಟೇ ಅಲ್ಲ, ಆ ಸಾಲಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ನಿಲ್ಲಿಸುವುದೇ ಕೆಲಸವೆಂದು ಮೂರು ತಲೆಮಾರಿನಿಂದ ನಂಬಿದವರು, ಉತ್ತರ ಬಂದ ಮೇಲೆ ಏನು ಮಾಡಬೇಕೆಂದು ಯಾರೂ ಕಲಿತಿರಲಿಲ್ಲ. ಪರಪ್ಪ ಕಾಗದ ತಿರುವಿದರು, ಕನ್ನಡಕ ಒರೆಸಿದರು, ಕೊನೆಗೆ ಎದ್ದು, ಸಮರ್ಪಕ ಉತ್ತರಕ್ಕಾಗಿ ಮಾನ್ಯ ಸಚಿವರನ್ನು ಅಭಿನಂದಿಸುತ್ತೇನೆ ಎಂದು ಹೇಳಿ ಕೂತರು. ಎಲ್ಲರೂ ಮೇಜು ಕುಟ್ಟಿದರು. ಸಭಾಧ್ಯಕ್ಷರು ಮುಂದಿನ ಪ್ರಶ್ನೆಯ ಸಂಖ್ಯೆ ಕೂಗಿದರು. ಗೌರವ್ವ ಎದ್ದು ಚಪ್ಪಲಿ ಹುಡುಕತೊಡಗಿದಳು.

ನನ್ನ ಸಿಟ್ಟು ನನಗೇ ಗೊತ್ತಿರುವಂಥದ್ದು. ಅದು ಹೊಟ್ಟೆಯಿಂದ ಹೊರಟರೆ ಗಂಟಲಲ್ಲಿ ನಿಲ್ಲುವುದಿಲ್ಲ.

“ಹಂಗಾರ ದೋಣಿ ಯಾವಾಗ ಬರತೈತಿ?”

ಮಾರ್ಷಲ್ ಬಂದು, ಬಾ ಅಮ್ಮಾ ಎಂದು ಮರ್ಯಾದೆಯಿಂದಲೇ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದ. ನೌಕರಿ ಹೋಯಿತು. ಆದರೆ ಮಣೆಯಿಂದ ಪ್ರಶ್ನೆ ಕೇಳಿದ ಕೂಡಲೇ ತೆಗ್ಗಿನಮನಿ ಸಾಹೇಬರು ಅಭ್ಯಾಸಬಲದಿಂದ ಎದ್ದು ನಿಂತುಬಿಟ್ಟಿದ್ದರು. ಎದ್ದ ಸಚಿವ ಪ್ರಶ್ನೆಯನ್ನು ಒಪ್ಪಿಕೊಂಡ ಹಾಗೆ, ಅದು ನಿಯಮ. ತಿಳಿಯಿತು ಅನ್ನದೆ ಕೂರುವಂತಿಲ್ಲ, ಅದೂ ನಿಯಮ. ಅನ್ನಬೇಕಾದವಳನ್ನು ಅವರೇ ಹೊರಗೆ ಹಾಕಿದ್ದರು.

ಬೇರೆಯವರನ್ನು ಹುಡುಕಿದರು. ಏಳನೇ ಇಯತ್ತೆ ದಾಟದವರು ಈಗ ರಾಜ್ಯದಲ್ಲಿ ಸಿಗುವುದಿಲ್ಲ. ಗದಗಿನ ಕಡೆ ಒಬ್ಬ ಮುದುಕ ಸಿಕ್ಕನಂತೆ, ವಿಚಾರಿಸಿದರೆ ಹೆಂಡತಿಗೆ ಗೊತ್ತಾಗದ ಹಾಗೆ ಪದವಿ ಮುಗಿಸಿದ್ದ. ಆಡಳಿತ ಪಕ್ಷದ ಶಾಸಕರೊಬ್ಬರು ತಾನೇ ಕೂರುತ್ತೇನೆ, ತಾನು ನಿಜವಾಗಿ ಓದಿದ್ದು ಐದನೇ ಇಯತ್ತೆ ಎಂದು ಮುಂದೆ ಬಂದರು. ಅವರ ಚುನಾವಣಾ ಅಫಿಡವಿಟ್ಟಿನಲ್ಲಿ ಡಾಕ್ಟರೇಟ್ ಇತ್ತು. ಯಾವುದು ಸುಳ್ಳು ಎಂದು ಸಭಾಧ್ಯಕ್ಷರು ಕೇಳಿದ ಮೇಲೆ ಅವರಿಗೆ ಜ್ವರ ಬಂತು.

ಮೊನ್ನೆ ಮೂವರು ಅಧಿಕಾರಿಗಳು ಅರವತ್ತು ಕಿಲೋಮೀಟರ್ ಸುತ್ತಿ, ಬಿಸಿಲುಬಾಗಿಲಿನಲ್ಲಿ ಆರು ತಾಸು ಸಿಕ್ಕಿಬಿದ್ದು, ಬದನೆಕಾಯಿ ಬಾಡಿದ ಹಾಗೆ ಬಾಡಿ ನಮ್ಮ ಮನೆಗೆ ಬಂದರು. ವಿಶೇಷ ನಿರ್ಣಯ ಮಾಡಿದ್ದಾರಂತೆ, ನಾನು ಬಂದು ಒಂದು ಮಾತು ಹೇಳಿದರೆ ನೌಕರಿ ತಿರುಗಿ ಕೊಡುತ್ತಾರಂತೆ. ಸಚಿವರು ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಿದ್ದಾರಂತೆ, ಒರಗುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ. ನಾನು ಹೇಳಿದೆ, ನನಗೂ ವಯಸ್ಸಾಗಿದೆ, ಆ ರಸ್ತೆಯಲ್ಲಿ ಬರಲಾರೆ. ದೋಣಿ ಕಳಿಸಿ, ಬರುತ್ತೇನೆ.

ಇವತ್ತು ಬೆಳಗ್ಗೆ ಆರೂ ಮುಕ್ಕಾಲಿಗೆ ದೋಣಿ ಬಂತು. ಬಣ್ಣ ಇನ್ನೂ ಹಸಿ, ಮೂಗಿಗೆ ಚೆಂಡುಹೂವಿನ ಮಾಲೆ. ನನ್ನನ್ನು ಕರೆದೊಯ್ಯಲು ಒಬ್ಬ ಅಧಿಕಾರಿ ಮುಂದೆಯೇ ನಿಂತಿದ್ದ. ಅವನು ಇಳಿದು ಕೈ ಮುಗಿಯುವುದರೊಳಗೆ ಹನ್ನೆರಡು ಬುಟ್ಟಿ ಒಳಗೆ ಹೋಗಿದ್ದವು, ಹಿಂದಿನಿಂದ ಇನ್ನೂ ಎಂಟು ಬರುತ್ತಿದ್ದವು. ನನ್ನನ್ನು ಎಲ್ಲಿ ಕೂರಿಸುವುದು ಎಂದು ಅವನು ಕೇಳಿದ.

“ಮೊದಲು ರೊಟ್ಟಿ ಹೋಗಲಿ” ಅಂದಳು ಗೌರವ್ವ. “ನಮ್ಮಕ್ಕ ಆರೋದಿಲ್ಲ, ನಾಳಿ ಬರತಾಳ.”

ಹಾಗಾಗಿ ದಂಡೆಯ ಮೇಲೆ ಕೂತು ಈ ಕಾಗದ ಮುಗಿಸುತ್ತಿದ್ದೇನೆ. ನಾಳೆಯೋ ನಾಡಿದ್ದೋ, ಒಲೆಗಳೆಲ್ಲ ಹೊತ್ತಿಕೊಂಡು ಬುಟ್ಟಿಗಳ ನಡುವೆ ನನಗೆ ಜಾಗ ಸಿಕ್ಕ ದಿನ, ಹೋಗಿ ಆ ಮನುಷ್ಯನನ್ನು ಕೂರಿಸಿ ಬರುತ್ತೇನೆ. ಅಷ್ಟರಲ್ಲಿ ನೀವು ಒಂದು ಉಪಕಾರ ಮಾಡಿ. ನಿಮ್ಮ ಸದನದಲ್ಲಿ ಮಣೆ ಇಲ್ಲ, ಸಚಿವರು ಓದಿ ಕೂರುತ್ತಾರೆ ಎಂದು ಕೇಳಿದ್ದೇನೆ. ಓದಲಿ, ಕೂರಲಿ. ಪ್ರಶ್ನೆ ಕೇಳಿದವರು ಮಾತ್ರ ಕೂರಬೇಡಿ. ಉತ್ತರ ಬಂದ ಮೇಲೆ ಕೇಳುವ ಇನ್ನೊಂದು ಪ್ರಶ್ನೆಯನ್ನು ಮನೆಯಿಂದಲೇ ಕಟ್ಟಿಕೊಂಡು ಬನ್ನಿ. ನೀವು ಆ ರೂಢಿ ಬಿಟ್ಟದ್ದಕ್ಕೆ ನಮ್ಮವರಿಗೆ ಅದು ಬರದೇ ಹೋಯಿತು ಎಂದು ನನ್ನ ಅನುಮಾನ. ಅಲ್ಲದಿದ್ದರೆ ಸಿಟ್ಟಾಗಬೇಡಿ, ಹೌದಾದರೆ ನಾಚಿಕೊಳ್ಳಿ.

ಕಾಶವ್ವ
(ತಿಳಿಗಾರ್ತಿ, ಸದ್ಯಕ್ಕೆ ವಜಾ)